ಕ್ಯಾಮೆರಾ ಹಿಡಿದವಳು

ಯಂತ್ರ ಬಂದ ದಿನ ಚೆಲುವಮ್ಮನನ್ನು ಆಪರೇಷನ್ ಥಿಯೇಟರಿನ ಒಳಗೆ ಬಿಡಲಿಲ್ಲ.

ಬೆಳಿಗ್ಗೆ ಆರಕ್ಕೇ ಬಂದು ಫಿನಾಯಿಲ್ ಹಾಕಿ ನೆಲವನ್ನು ಮೂರು ಸಲ ಒರೆಸಿದವಳು ಅವಳೇ. ಗೋಡೆ ಉಜ್ಜಿದವಳು ಅವಳೇ. ಟೇಬಲ್ಲಿನ ಕಾಲಿಗೆ ಅಂಟಿದ್ದ ಹಳೆಯ ರಕ್ತವನ್ನು ಉಗುರಿನಿಂದ ಕೆರೆದು ತೆಗೆದವಳೂ ಅವಳೇ. ಎಂಟೂವರೆಗೆ ಪುರೋಹಿತರು ಬಂದರು. ಮ್ಯಾನೇಜರ್ ಧರ್ಮೇಂದ್ರ ಬಾಗಿಲಿಗೆ ಬಂದು, ಪೂಜೆ ಮುಗಿಯುವ ತನಕ ನೀನು ಹಿಂದುಗಡೆ ಇರು ಎಂದ. ಯಾಕೆ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಅವಳು ಹೊಲಗೇರಿಯವಳು.

ಹಿಂದುಗಡೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇನ್ನಿಬ್ಬರು ಆಯಾಗಳು ಕೂತಿದ್ದರು. ವೀರಮ್ಮ, ಭದ್ರಮ್ಮ. ಒಳಗೆ ಗಂಟೆ ಬಾರಿಸುವುದು ಕೇಳಿಸುತ್ತಿತ್ತು. ಕಿಟಕಿಯ ಸಂದಿಯಲ್ಲಿ ಭದ್ರಮ್ಮ ಇಣುಕಿ ನೋಡಿ, ಒಂದು ಕಬ್ಬಿಣದ ತೋಳು ಕಣೇ, ಮೊಣಕೈಯೂ ಐತೆ, ಮಣಿಕಟ್ಟೂ ಐತೆ, ಅದಕ್ಕೆ ಕುಂಕುಮ ಇಕ್ತಾವ್ರೆ ಎಂದು ಹೇಳಿದಳು. ಚೆಲುವಮ್ಮ ನೋಡಲು ಏಳಲಿಲ್ಲ. ಆ ತೋಳು ಏನು ಮಾಡಲು ಬಂದಿದೆ ಎಂಬುದು ಅವಳಿಗೆ ಒಂದು ವಾರದಿಂದ ಗೊತ್ತಿತ್ತು. ಅವಳು ಮಾಡುತ್ತಿದ್ದುದನ್ನು ಮಾಡಲು ಬಂದಿತ್ತು.

ಅದು ೨೦೦೪ನೇ ಇಸವಿ. ಅದಕ್ಕೆ ಒಂಬತ್ತು ವರ್ಷ ಮೊದಲು ಅವಳು ಹುಣಸೂರಿನ ಆ ನರ್ಸಿಂಗ್ ಹೋಮಿಗೆ ಕಸ ಗುಡಿಸಲು ಸೇರಿದ್ದಳು. ನರ್ಸಿಂಗ್ ಹೋಮ್ ಡಾಕ್ಟರ್ ಗಂಗಾಧರಪ್ಪನದು. ಹೊಟ್ಟೆ ಕೊಯ್ಯದೆ, ಮೂರು ತೂತು ಮಾಡಿ, ಒಂದು ತೂತಿನಿಂದ ಕ್ಯಾಮೆರಾ ತೂರಿಸಿ, ಟೀವಿಯಲ್ಲಿ ನೋಡಿಕೊಂಡು ಆಪರೇಷನ್ ಮಾಡುವ ವಿದ್ಯೆಯನ್ನು ಆ ಸೀಮೆಗೆ ಮೊದಲು ತಂದವನು ಅವನು. ಪಿರಿಯಾಪಟ್ಟಣ, ಸರಗೂರು, ಕೆ.ಆರ್. ನಗರದಿಂದೆಲ್ಲ ಜನ ಬರುತ್ತಿದ್ದರು. ಡಾಕ್ಟರನ ಎರಡು ಕೈಯಲ್ಲೂ ಸಾಮಾನು ಇರುತ್ತಿತ್ತು. ಕ್ಯಾಮೆರಾ ಹಿಡಿಯಲು ಮೂರನೆಯ ಕೈ ಬೇಕು. ಅದಕ್ಕೆ ಮೈಸೂರಿನಿಂದ ಒಬ್ಬ ಎಳೆಯ ಡಾಕ್ಟರು ಬರುತ್ತಿದ್ದ.

ಚೆಲುವಮ್ಮ ಸೇರಿದ ಮೊದಲ ತಿಂಗಳಲ್ಲೇ ಒಂದು ದಿನ ಬಸ್ಸು ಬಂದ್. ಎಳೆಯ ಡಾಕ್ಟರು ಬರಲಿಲ್ಲ. ಟೇಬಲ್ಲಿನ ಮೇಲೆ ಹೆಂಗಸು ಮಲಗಿದ್ದಾಳೆ, ಅರಿವಳಿಕೆಯ ಮತ್ತು ಬರಿಸಿದ್ದಾಗಿದೆ, ಹೊಟ್ಟೆಗೆ ಗಾಳಿ ತುಂಬಿದ್ದಾಗಿದೆ. ಡಾಕ್ಟರ್ ಸುತ್ತ ನೋಡಿದ. ನರ್ಸು ಸಿದ್ದಲಿಂಗಮ್ಮನಿಗೆ ಸಾಮಾನು ಕೊಡುವ ಕೆಲಸ. ಬಾಗಿಲ ಬಳಿ ಬಕೆಟ್ ಹಿಡಿದು ನಿಂತಿದ್ದವಳು ಚೆಲುವಮ್ಮ. ಏಯ್, ಕೈ ತೊಳ್ಕೊಂಡು ಬಾ ಇಲ್ಲಿ ಎಂದ. ಅವಳಿಗೆ ಕೋಟು ತೊಡಿಸಿದರು, ಗ್ಲೌಸು ಹಾಕಿದರು, ಕೈಗೆ ಕ್ಯಾಮೆರಾ ಕೊಟ್ಟರು. ಅಲ್ಲಾಡಬೇಡ ಎಂದ. ಅವಳು ಅಲ್ಲಾಡಲಿಲ್ಲ.

ಅಂದಿನಿಂದ ಎಳೆಯ ಡಾಕ್ಟರು ಬರುವುದು ತಿಂಗಳಿಗೊಮ್ಮೆ ಆಯಿತು. ಆಮೇಲೆ ನಿಂತೇ ಹೋಯಿತು. ಅವನ ಹೆಸರು ಮಾತ್ರ ನಿಲ್ಲಲಿಲ್ಲ. ಆಪರೇಷನ್ ಪುಸ್ತಕದಲ್ಲಿ ಸಹಾಯಕ ವೈದ್ಯರು ಎಂಬ ಜಾಗದಲ್ಲಿ ಪ್ರತಿಸಲವೂ ಅವನ ಹೆಸರೇ ಬರೆಯುತ್ತಿದ್ದರು. ನಾಲ್ಕನೇ ಕ್ಲಾಸು ಓದಿದ್ದ ಚೆಲುವಮ್ಮ ಅದನ್ನು ಮೇಜು ಒರೆಸುವಾಗ ಓದಿದಳು. ಸುಮ್ಮನೆ ಮುಚ್ಚಿಟ್ಟಳು.

ಮದುವೆಗೆ ಮೊದಲೂ ಆಮೇಲೂ ಹೊಗೆಸೊಪ್ಪನ್ನು ಕಾವಿಗೆ ಒಣಗಿಸುವ ಬ್ಯಾರನ್ನುಗಳಲ್ಲಿ ಸೊಪ್ಪು ಕಟ್ಟಿದ ಕೈ ಅವಳದು. ಮೈ ದಣಿದರೂ ಕೈ ದಣಿಯುತ್ತಿರಲಿಲ್ಲ. ಆದರೂ ಈ ಕೆಲಸ ಬೇರೆ. ಒಂದೂವರೆ ಗಂಟೆ, ಎರಡು ಗಂಟೆ ಒಂದೇ ಭಂಗಿಯಲ್ಲಿ ನಿಲ್ಲಬೇಕು. ಭುಜದಿಂದ ಉರಿ ಶುರುವಾಗಿ ಕತ್ತಿಗೆ ಏರುತ್ತಿತ್ತು. ಬೆರಳು ಮರಗಟ್ಟುತ್ತಿದ್ದವು. ಮೂಗು ಕೆರೆದರೂ ಕೆರೆದುಕೊಳ್ಳುವಂತಿಲ್ಲ. ಲೆನ್ಸಿಗೆ ಮಂಜು ಕವಿದರೆ ಹೊರಗೆಳೆದು, ಬಿಸಿನೀರಿಗೆ ಅದ್ದಿ, ಒರೆಸಿ, ಮತ್ತೆ ಅದೇ ಜಾಗಕ್ಕೆ ಒಯ್ಯಬೇಕು. ಚಿತ್ರ ಓರೆಯಾದರೆ ಡಾಕ್ಟರ್ ಮೊಣಕೈಯಿಂದ ಅವಳ ಪಕ್ಕೆಗೆ ತಿವಿಯುತ್ತಿದ್ದ. ಹೇಳಿ ತಿದ್ದುವ ರೂಢಿ ಅವನಿಗಿರಲಿಲ್ಲ. ತಿವಿತದಿಂದಲೇ ಅವಳು ಕಲಿತಳು. ಪಿತ್ತದ ಚೀಲ ಎಲ್ಲಿ, ಈಲಿ ಅಂದರೆ ಲಿವರು ಎಲ್ಲಿ, ಯಾವ ನಾಳ ಮುಟ್ಟಬಾರದು, ರಕ್ತ ಚಿಮ್ಮಿದರೆ ಎಷ್ಟು ಹಿಂದೆ ಸರಿಯಬೇಕು, ಎಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಅವನು ಮುಂದೆ ಎಲ್ಲಿ ಕೈ ಹಾಕುತ್ತಾನೆಂದು ಅವಳಿಗೆ ಮೊದಲೇ ತಿಳಿಯುತ್ತಿತ್ತು. ಅವನ ಕತ್ತರಿ ಹೋಗುವ ಮೊದಲೇ ಅವಳ ಬೆಳಕು ಅಲ್ಲಿಗೆ ಹೋಗಿರುತ್ತಿತ್ತು.

ಒಂದು ಸಲವೂ ಅವನು ಅವಳ ಹೆಸರು ಹಿಡಿದು ಕರೆಯಲಿಲ್ಲ. ಏಯ್, ಕ್ಯಾಮೆರಾ. ಅಷ್ಟೇ.

ಮಗಳು ಪವಿತ್ರಾ ಹೊಟ್ಟೆಯಲ್ಲಿದ್ದಾಗ ಏಳು ತಿಂಗಳವರೆಗೂ ನಿಂತಳು. ಒಂದು ದಿನ ನಾಲ್ಕು ಆಪರೇಷನ್ ಸಾಲಾಗಿ ಬಂದವು. ಮೂರನೆಯದರ ನಡುವೆ, ಒಂದ್ಸಲ ಹೊರಗೆ ಹೋಗಿ ಬತ್ತೀನಿ ಸಾರ್ ಎಂದು ಕೇಳಿದಳು. ಅವನು ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಕೇಳಿದಳು. ತಡ್ಕೊ ಎಂದ. ತಡೆದುಕೊಳ್ಳಲು ಆಗಲಿಲ್ಲ. ಸೀರೆ ಒದ್ದೆಯಾಯಿತು, ಕಾಲ ಕೆಳಗೆ ನೆಲ ಒದ್ದೆಯಾಯಿತು. ಅರಿವಳಿಕೆ ಕೊಡುವ ಡಾಕ್ಟರು ನಕ್ಕ. ಗಂಗಾಧರಪ್ಪನೂ ನಕ್ಕ. ಅವಳ ಕೈ ಅಲ್ಲಾಡಲಿಲ್ಲ. ಆಪರೇಷನ್ ಮುಗಿದ ಮೇಲೆ ಆ ನೆಲವನ್ನು ಒರೆಸಿದವಳೂ ಅವಳೇ.

ಆ ಥಿಯೇಟರಿನಲ್ಲಿ ಇಂಥ ಕೆಲಸ ಮಾಡುತ್ತಿದ್ದವಳು ಅವಳೊಬ್ಬಳೇ ಅಲ್ಲ. ಅರಿವಳಿಕೆ ಕೊಡುವ ಡಾಕ್ಟರು ನಡುವೆ ಎದ್ದು ಇನ್ನೊಂದು ಆಸ್ಪತ್ರೆಯ ಕೇಸಿಗೆ ಹೋದರೆ, ಅವನು ಬರುವ ತನಕ ರೋಗಿಯ ಉಸಿರಿನ ಚೀಲವನ್ನು ಒತ್ತುತ್ತ ಕೂರುತ್ತಿದ್ದವಳು ವೀರಮ್ಮ. ಕೊನೆಗೆ ತೂತುಗಳಿಗೆ ಹೊಲಿಗೆ ಹಾಕುತ್ತಿದ್ದವಳು ಸರಗೂರಿನಿಂದ ಬಂದಿದ್ದ ವಿಧವೆ ಭದ್ರಮ್ಮ. ಹೊರಗೆ ಬಾಯಿ ಬಿಡಬಾರದು ಎಂದು ಮೂವರಿಗೂ ಹೇಳಿದ್ದರು. ಮೂವರೂ ಬಿಡಲಿಲ್ಲ. ಹೊರಗೆ ಬಂದರೆ ಕೈಗೆ ಪೊರಕೆ.

ಯಂತ್ರವನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದು ಬಳಸಿ ಬಿಟ್ಟಿತ್ತು. ಗಂಗಾಧರಪ್ಪ ಅದನ್ನು ಕೊಂಡು ತಂದಿದ್ದ. ಟೇಬಲ್ಲಿನ ಅಂಚಿಗೆ ಬಿಗಿದರೆ ಕ್ಯಾಮೆರಾ ಹಿಡಿದು ನಿಲ್ಲುತ್ತದೆ. ಡಾಕ್ಟರ್ ಇಂಗ್ಲಿಷಿನಲ್ಲಿ ಲೆಫ್ಟ್ ಎಂದರೆ ಎಡಕ್ಕೆ, ರೈಟ್ ಎಂದರೆ ಬಲಕ್ಕೆ, ಇನ್ ಎಂದರೆ ಒಳಕ್ಕೆ, ಔಟ್ ಎಂದರೆ ಹೊರಕ್ಕೆ. ಅವನೊಬ್ಬನ ಗಂಟಲು ಮಾತ್ರ ಅದಕ್ಕೆ ಗುರುತು. ಗಂಟಲನ್ನು ಗುರುತು ಹಿಡಿಸಲು ಅವನು ಎರಡು ದಿನ ಅದರ ಮುಂದೆ ಕೂತು, ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡಿದ. ಬಾಗಿಲ ಆಚೆ ನೆಲ ಒರೆಸುತ್ತಿದ್ದ ಚೆಲುವಮ್ಮ ಅದನ್ನು ಕೇಳಿದಳು. ಒಂಬತ್ತು ವರ್ಷದಲ್ಲಿ ಅವನು ಇಷ್ಟು ಮೆತ್ತಗೆ ಮಾತಾಡಿದ್ದು ಅವಳು ಕೇಳಿರಲಿಲ್ಲ.

ಪೇಪರಿನವರು ಬಂದು ಫೋಟೋ ತೆಗೆದರು. ಇನ್ನು ಮನುಷ್ಯರ ಕೈ ನಡುಗುತ್ತದೆಂಬ ಭಯವಿಲ್ಲ ಎಂದು ಗಂಗಾಧರಪ್ಪ ಅವರಿಗೆ ಹೇಳಿದ. ಮರುದಿನ ಅದು ಅಚ್ಚಾಯಿತು. ಚೆಲುವಮ್ಮ ಅದನ್ನೂ ಓದಿದಳು. ಅವಳ ಕೈ ಒಂದು ದಿನವೂ ನಡುಗಿರಲಿಲ್ಲ. ಪಕ್ಕೆಗೆ ತಿಂದ ತಿವಿತಗಳಿಗಿಂತ ಆ ಒಂದು ಸಾಲು ಅವಳಿಗೆ ಹೆಚ್ಚು ನಾಟಿತು. ಅವತ್ತು ಅವಳು ಊಟ ಮಾಡಲಿಲ್ಲ.

ತಿಂಗಳಾಗುವಷ್ಟರಲ್ಲಿ ಧರ್ಮೇಂದ್ರ ವೀರಮ್ಮನನ್ನೂ ಭದ್ರಮ್ಮನನ್ನೂ ಕರೆದು, ನಾಳೆಯಿಂದ ಬರಬೇಡಿ ಎಂದ. ಮೆಷಿನ್ ಬಂದ ಮೇಲೆ ಥಿಯೇಟರಿಗೆ ಇಷ್ಟು ಜನ ಬೇಡವಂತೆ. ಮೆಷಿನ್ ಚೀಲ ಒತ್ತುವುದಿಲ್ಲ, ಹೊಲಿಗೆ ಹಾಕುವುದಿಲ್ಲ. ಅದನ್ನು ಕೇಳುವವರು ಯಾರು. ಚೆಲುವಮ್ಮನನ್ನು ಉಳಿಸಿಕೊಂಡರು. ಕಕ್ಕಸು ತೊಳೆಯಲು, ರಕ್ತದ ಬಟ್ಟೆ ಒಗೆಯಲು ಒಬ್ಬರು ಬೇಕಿತ್ತು. ಮೂವರ ಕೆಲಸ ಒಬ್ಬಳ ತಲೆಗೆ ಬಿತ್ತು. ಥಿಯೇಟರಿನ ಒಳಗೆ ಇನ್ನು ಡಾಕ್ಟರ್, ಸಿದ್ದಲಿಂಗಮ್ಮ, ಅರಿವಳಿಕೆ ಕೊಡುವವನು, ಯಂತ್ರ. ಅಷ್ಟೇ.

ನಾಲ್ಕು ತಿಂಗಳು ಹಾಗೇ ನಡೆಯಿತು.

ಮುಂದಿನ ವರ್ಷ ಸಂಕ್ರಾಂತಿ ಆದ ವಾರ. ಹಾರನಹಳ್ಳಿಯ ಗೋವಿಂದಯ್ಯ ತನ್ನ ಹೆಂಡತಿ ರುಕ್ಮಿಣಮ್ಮನನ್ನು ಕರೆತಂದ. ದೊಡ್ಡ ಒಕ್ಕಲು, ನಾಲ್ಕು ಬ್ಯಾರನ್ನಿನ ಹೊಗೆಸೊಪ್ಪಿನವನು. ರುಕ್ಮಿಣಮ್ಮನಿಗೆ ಪಿತ್ತದ ಚೀಲದಲ್ಲಿ ಕಲ್ಲು. ಮೆಷಿನ್ ಆಪರೇಷನ್ನೇ ಮಾಡಿಸಬೇಕು ಎಂದು ಗೋವಿಂದಯ್ಯನೇ ಹಟ ಹಿಡಿದು ಹೇಳಿದ್ದ.

ಅವತ್ತು ಗಂಗಾಧರಪ್ಪನಿಗೆ ಶೀತ. ಗಂಟಲು ಕಟ್ಟಿತ್ತು. ಆಪರೇಷನ್ ಮುಂದಕ್ಕೆ ಹಾಕಬಹುದಿತ್ತು. ಹಾಕಲಿಲ್ಲ. ಒಳಗೆ ಏನಾಯಿತೆಂಬುದನ್ನು ಸಿದ್ದಲಿಂಗಮ್ಮ ಆಮೇಲೆ ಚೆಲುವಮ್ಮನಿಗೆ ಹೇಳಿದಳು. ಮೊದಮೊದಲು ಎರಡು ಮೂರು ಸಲ ಹೇಳಿದರೆ ತೋಳು ಕೇಳುತ್ತಿತ್ತು. ನಡುವೆ ಒಂದು ಸಣ್ಣ ರಕ್ತನಾಳ ತುಂಡಾಗಿ ಚಿಮ್ಮಿತು. ಲೆನ್ಸಿನ ಮೇಲೆ ರಕ್ತ ಬಿತ್ತು. ಟೀವಿ ಪೂರ್ತಿ ಕೆಂಪು. ಔಟ್ ಎಂದ. ಗಂಟಲು ಕಟ್ಟಿದ ಔಟ್ ಅದಕ್ಕೆ ಗುರುತು ಸಿಗಲಿಲ್ಲ. ಔಟ್ ಔಟ್ ಎಂದು ಕಿರುಚಿದ. ಕಿರುಚಿದ ದನಿಯಂತೂ ಅದಕ್ಕೆ ಗುರುತೇ ಸಿಗಲಿಲ್ಲ. ತೋಳು ನಿಂತಲ್ಲೇ ನಿಂತಿತು. ಮನುಷ್ಯರಾಗಿದ್ದರೆ ಹೇಳುವ ಮೊದಲೇ ಹಿಂದೆಳೆದು ಒರೆಸುತ್ತಿದ್ದರು. ಅಲ್ಲಿ ಮನುಷ್ಯರಿರಲಿಲ್ಲ. ಸಿದ್ದಲಿಂಗಮ್ಮನ ಎರಡು ಕೈಯೂ ತುಂಬಿತ್ತು. ಅರಿವಳಿಕೆ ಕೊಡುವವನು ಫೋನಿನಲ್ಲಿದ್ದ. ಡಾಕ್ಟರ್ ತಾನೇ ಎಡಗೈ ಬಿಟ್ಟು ಕ್ಯಾಮೆರಾವನ್ನು ಕಿತ್ತ. ಕೀಳುವಾಗ ಬಲಗೈಯಲ್ಲಿದ್ದ, ಕರೆಂಟಿನಿಂದ ಸುಡುವ ಕೊಕ್ಕೆ ಕಾಣದ ಕಡೆ ಜಾರಿತು.

ಚೆಲುವಮ್ಮ ಹಿಂದುಗಡೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಬಟ್ಟೆ ಅದ್ದುತ್ತಿದ್ದಳು. ಸಿದ್ದಲಿಂಗಮ್ಮ ಬಾಗಿಲಿಗೆ ಬಂದು ಕರೆದಳು. ಯಾಕೆ ಎಂದು ಕೇಳಲು ಹೊತ್ತಿರಲಿಲ್ಲ. ಕೈ ಉಜ್ಜಿದಳು, ಕೋಟು ತೊಟ್ಟಳು, ಕ್ಯಾಮೆರಾ ಒರೆಸಿ ಒಳಗೆ ಒಯ್ದಳು. ಚಿತ್ರ ನಿಂತಿತು. ರಕ್ತ ಎಲ್ಲಿಂದ ಬರುತ್ತಿದೆಯೋ ಅಲ್ಲಿಗೆ ನೇರ ಬೆಳಕು ಹಿಡಿದಳು. ಗಂಗಾಧರಪ್ಪ ಕ್ಲಿಪ್ ಹಾಕಿದ. ರಕ್ತ ನಿಂತಿತು. ಆಗ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಮುಟ್ಟಬಾರದ ದೊಡ್ಡ ನಾಳದ ಪಕ್ಕೆಯಲ್ಲಿ ಬೆಳ್ಳಗೆ ಸುಟ್ಟ ಗುರುತು. ಅಲ್ಲಿ ಹಸಿರು ಪಿತ್ತ ಜಿನುಗುತ್ತಿತ್ತು.

ಅವಳು ಬೆಳಕನ್ನು ಅಲ್ಲಿಗೆ ಒಯ್ದಳು. ಡಾಕ್ಟರ್ ಮೊಣಕೈಯಿಂದ ತಿವಿದ. ಅವಳು ಬೆಳಕು ಸರಿಸಲಿಲ್ಲ.

"ಸಾರ್, ಅಲ್ಲಿ ಸೋರ್ತಾ ಐತೆ" ಎಂದಳು. ಒಂಬತ್ತು ವರ್ಷದಲ್ಲಿ ಟೇಬಲ್ಲಿನ ಬಳಿ ಅವಳು ಆಪರೇಷನ್ ಬಗ್ಗೆ ಆಡಿದ ಮೊದಲ ಮಾತು.

"ನಿನ್ನ ಕೆಲಸ ನೋಡು" ಎಂದ ಗಂಗಾಧರಪ್ಪ. ಸಾಮಾನು ಹೊರಗೆಳೆದ. ಹೊಲಿಗೆ ಹಾಕು ಎಂದು ಸಿದ್ದಲಿಂಗಮ್ಮನಿಗೆ ಹೇಳಿ ಹೊರಟುಹೋದ.

ಮೂರನೆಯ ದಿನ ರುಕ್ಮಿಣಮ್ಮನ ಹೊಟ್ಟೆ ಉಬ್ಬಿತು. ಕಣ್ಣು ಹಳದಿಯಾಯಿತು. ಮೈಸೂರಿಗೆ ಸಾಗಿಸಿದರು. ಅಲ್ಲಿ ಹೊಟ್ಟೆ ಪೂರ್ತಿ ಕೊಯ್ದು, ನಾಳ ಜೋಡಿಸಿ, ಹೇಗೋ ಉಳಿಸಿದರು. ನಾಳ ಸುಟ್ಟಿದೆ ಎಂದು ಅಲ್ಲಿಯ ಡಾಕ್ಟರು ಬರೆದುಕೊಟ್ಟರು. ಆ ಕಾಗದ ಹಿಡಿದು ಗೋವಿಂದಯ್ಯ ಎರಡು ಜೀಪು ಜನ ತುಂಬಿಸಿಕೊಂಡು ನರ್ಸಿಂಗ್ ಹೋಮಿಗೆ ನುಗ್ಗಿದ.

ಚೆಲುವಮ್ಮನನ್ನು ಡಾಕ್ಟರನ ಕೋಣೆಗೆ ಕರೆದರು. ಅಲ್ಲಿ ಗಂಗಾಧರಪ್ಪ, ಗೋವಿಂದಯ್ಯ, ಧರ್ಮೇಂದ್ರ ಕುರ್ಚಿಗಳಲ್ಲಿ ಕೂತಿದ್ದರು. ಸಿದ್ದಲಿಂಗಮ್ಮ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ. ಧರ್ಮೇಂದ್ರ ಅದನ್ನು ಅವಳ ಕಡೆ ತಳ್ಳಿ, ಸೈನ್ ಹಾಕು ಎಂದ. ಅವಳು ತೆಗೆದುಕೊಂಡು ಓದಿದಳು. ಅವಳು ಓದುತ್ತಾಳೆಂದು ಅವನು ನೆನೆಸಿರಲಿಲ್ಲ. ಆಪರೇಷನ್ನಿನ ಹಿಂದಿನ ದಿನ ಯಂತ್ರವನ್ನು ಒರೆಸುವಾಗ ನಾನು ಅಜಾಗರೂಕತೆಯಿಂದ ಅದರ ತಿರುಪು ಸಡಿಲ ಮಾಡಿದೆ, ಅದರಿಂದ ಈ ಅನಾಹುತವಾಯಿತು, ಕ್ಷಮಿಸಬೇಕು ಎಂದು ಅದರಲ್ಲಿತ್ತು. ಕೆಳಗೆ ಅವಳ ಹೆಸರು. ಅವಳ ಗಂಡನ ಹೆಸರು. ಅವಳ ಜಾತಿ.

ಯಂತ್ರ ಬಂದ ಮೇಲೆ ಅದನ್ನು ಒರೆಸಲೂ ಅವಳನ್ನು ಬಿಟ್ಟಿರಲಿಲ್ಲ.

ಗಂಗಾಧರಪ್ಪ ತಾನೇ ಮಾತಾಡಿದ. ಭಯ ಪಡಬೇಡ, ಕೆಲಸದಿಂದ ತೆಗೆಯಲ್ಲ, ಗೋವಿಂದಯ್ಯನವರು ದೊಡ್ಡ ಮನಸ್ಸು ಮಾಡ್ತಾರೆ, ಅವರ ಕಾಲಿಗೆ ಬಿದ್ದುಬಿಡು ಎಂದ. ಅವಳ ಹತ್ತಿರ ಅವನು ಅಷ್ಟು ಮೆತ್ತಗೆ ಮಾತಾಡಿದ್ದು ಅದೇ ಮೊದಲು.

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು.

"ನಾನು ಆಕಲ್ಲ."

ಧರ್ಮೇಂದ್ರ ಎದ್ದು ನಿಂತ. ಹಾಕಲ್ಲ ಎಂದರೆ ಏನರ್ಥ ಎಂದ. ಚೆಲುವಮ್ಮ ಅವನನ್ನು ನೋಡಲಿಲ್ಲ. ಗೋವಿಂದಯ್ಯನ ಕಡೆ ತಿರುಗಿದಳು.

"ಮೆಷಿನ್ನ ನಾನು ಮುಟ್ಟಿಲ್ಲ ಕಣ್ರೀ. ನಾಳ ಸುಟ್ಟಿದ್ದು ಇವ್ರ ಕೈ. ಲೆನ್ಸ್ ಒರ್ಸಕ್ಕೆ ಒಳಗೆ ಒಂದು ನರಪಿಳ್ಳೆ ಇರ್ನಿಲ್ಲ, ನಮ್ಮುನ್ನೆಲ್ಲ ಓಡ್ಸಿದ್ರು. ಕೊನೇಲಿ ನನ್ನ ಕರುದ್ರು. ಸೋರ್ತಾ ಐತೆ ಅಂತ ನಾನು ಏಳ್ದೆ. ಇವ್ರು ಕೇಳ್ನಿಲ್ಲ."

ಕಸ ಗುಡಿಸುವವಳಿಗೆ ಒಳಗಿನದು ಏನು ಗೊತ್ತು ಎಂದು ಗೋವಿಂದಯ್ಯ ಗಂಗಾಧರಪ್ಪನನ್ನು ಕೇಳಿದ. ಗಂಗಾಧರಪ್ಪ, ಇವಳಿಗೆ ತಲೆ ಸರಿಯಿಲ್ಲ ಎಂದ.

"ಒಂಬತ್ತು ವರ್ಷ ಕ್ಯಾಮೆರಾ ಇಡ್ದೋಳು ನಾನು" ಎಂದಳು ಚೆಲುವಮ್ಮ. "ನಾಕು ವರ್ಸದ ಇಂದೆ ನಿಮ್ಮ ಅಪೆಂಡಿಕ್ಸ್ ತಗುದ್ರಲ್ಲ, ಅವತ್ತೂ ನಾನೇ ಇಡ್ದಿದ್ದು. ನಿಮ್ಮ ಒಟ್ಟೆ ಒಳ್ಗೆ ಹಳೇ ಗಾಯದ್ದು ಒಂದು ಅಂಟು ಇತ್ತು, ಅದ್ನ ಬಿಡ್ಸಕ್ಕೇ ಅರ್ಧ ಗಂಟೆ ಆಯ್ತು. ಇವ್ರುನ್ನೇ ಕೇಳಿ."

ಗೋವಿಂದಯ್ಯ ಗಂಗಾಧರಪ್ಪನ ಮುಖ ನೋಡಿದ. ಅಲ್ಲಿ ಉತ್ತರವಿತ್ತು. ಗೋವಿಂದಯ್ಯನ ಕೈ ತನ್ನ ಹೊಟ್ಟೆಯ ಮೇಲೆ ಹೋಯಿತು. ಹೆಂಡತಿಯ ಹೊಟ್ಟೆ ಕೊಯ್ದಾಗ ಕೂಡ ಅವನ ಮುಖ ಹಾಗಾಗಿರಲಿಲ್ಲ. ಹೊಲೇರೋಳು ನನ್ನ ಹೊಟ್ಟೆ ಒಳಗೆ ಕೈ ಆಡಿಸಿದಳಾ ಎಂದು ಕೇಳಿದ. ಯಾರನ್ನು ಕೇಳಿದನೋ ಗೊತ್ತಿಲ್ಲ. ಎದ್ದ. ಕಾಲಿನ ಚಪ್ಪಲಿ ಅವನ ಕೈಗೆ ಬಂದಿತ್ತು. ಚೆಲುವಮ್ಮನ ಕೆನ್ನೆಗೆ ಒಂದು ಬಿತ್ತು. ಕಿವಿಯ ಮೇಲೆ ಇನ್ನೊಂದು. ಗಂಗಾಧರಪ್ಪ ಕುರ್ಚಿಯಿಂದ ಏಳಲಿಲ್ಲ.

ಅವಳು ಹಿಂದೆ ಸರಿಯಲಿಲ್ಲ. ಮೂರನೆಯ ಸಲ ಕೈ ಎತ್ತಿದಾಗ ಅವನ ಮಣಿಕಟ್ಟನ್ನು ಹಿಡಿದಳು. ಹಿಡಿದೇ ಇದ್ದಳು. ಅವನು ಕೊಸರಿದ, ಬಯ್ದ, ಬಿಡೇ ಎಂದ. ಬಿಡಲಿಲ್ಲ. ಚಪ್ಪಲಿ ಅವನ ಕೈಯಿಂದ ತಾನಾಗೇ ಬಿದ್ದ ಮೇಲೆ ಬಿಟ್ಟು, ಹೊರಗೆ ನಡೆದಳು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಸೇತುವೆ ದಾಟಿ ಕೇರಿಯ ದಾರಿ ಹಿಡಿಯುವ ತನಕ ಅವಳು ಅಳಲಿಲ್ಲ. ಆಮೇಲೂ ಅಳಲಿಲ್ಲ. ಸಿಟ್ಟಿಗೆ ಅಳು ಬರುವುದಿಲ್ಲ ಎಂಬುದು ಅವತ್ತು ಅವಳಿಗೆ ಗೊತ್ತಾಯಿತು.

ಗೋವಿಂದಯ್ಯ ಮೈಸೂರಿನ ಆರೋಗ್ಯ ಇಲಾಖೆಗೆ ದೂರು ಬರೆದ. ಡಾಕ್ಟರನ ಮೇಲೂ ಬರೆದ, ಅವಳ ಮೇಲೂ ಬರೆದ. ಹೆಂಡತಿಯ ನಾಳದ ಬಗ್ಗೆ ಎರಡು ಸಾಲು. ಕೇರಿಯ ಹೆಂಗಸಿನಿಂದ ಮೋಸದಿಂದ ಆಪರೇಷನ್ ಮಾಡಿಸಿದ ಬಗ್ಗೆ ಒಂದು ಪುಟ. ವಿಚಾರಣೆಗೆ ಅಧಿಕಾರಿ ಬರುತ್ತಾರೆಂದು ಕಾಗದ ಬಂತು.

ಕಾಗದ ಬಂದ ಎರಡನೆಯ ದಿನ ಧರ್ಮೇಂದ್ರ ಬೈಕಿನಲ್ಲಿ ಕೇರಿಗೆ ಬಂದ. ಅವಳ ಮನೆಯ ಒಳಗೆ ಬರಲಿಲ್ಲ. ಬೈಕಿನ ಮೇಲೇ ಕೂತು ಮಾತಾಡಿದ. ಈಗ ಹಾಳೆ ಬೇರೆಯಾಗಿತ್ತು. ತಿರುಪಿನ ಮಾತು ಹೋಗಿತ್ತು. ನಾನು ಯಾವತ್ತೂ ಕ್ಯಾಮೆರಾ ಮುಟ್ಟಿಲ್ಲ, ಸಿಟ್ಟಿನಲ್ಲಿ ಸುಳ್ಳು ಹೇಳಿದೆ ಎಂದು ಅವಳು ಹೇಳಿದರೆ ಸಾಕು. ಅವಳಿಗೂ ಕೆಲಸ, ವೀರಮ್ಮನಿಗೂ ಕೆಲಸ, ಭದ್ರಮ್ಮನಿಗೂ ಕೆಲಸ. ಹೇಳದಿದ್ದರೆ ಓದಿಲ್ಲದೆ ಡಾಕ್ಟರ ಕೆಲಸ ಮಾಡಿದ ಕೇಸು ಅವಳ ಮೇಲೇ ಬೀಳುತ್ತದೆ. ಒಳಗೆ ಹೋಗುತ್ತಾಳೆ.

ಅವಳ ಗಂಡ ಸಣ್ಣಬೀರಯ್ಯ ಜಗಲಿಯ ಮೇಲೆ ಕೂತಿದ್ದ. ಬ್ಯಾರನ್ನಿಗೆ ಸೌದೆ ಹೊತ್ತು ಬೆನ್ನು ಬಗ್ಗಿದವನು. ಹೆಚ್ಚು ಮಾತಿನವನಲ್ಲ. ಅವನು ಹೆಂಡತಿಯ ಕೆನ್ನೆ ನೋಡಿದ. ಬಾತುಕೊಂಡಿದ್ದು ಇನ್ನೂ ಇಳಿದಿರಲಿಲ್ಲ.

"ನಿಂಗೆ ಏನು ಸರಿ ಕಾಣ್ತದೋ ಅದ್ನ ಮಾಡು. ನನ್ನ ಕೇಳ್ಬೇಡ" ಎಂದ.

ಚೆಲುವಮ್ಮ ಧರ್ಮೇಂದ್ರನಿಗೆ, ಹೋಗು ಎಂದಳು. ಅವನು ಯಾವತ್ತೂ ಅವಳ ಬಾಯಿಂದ ಏಕವಚನ ಕೇಳಿರಲಿಲ್ಲ.

ಅವನು ಅಲ್ಲಿಂದ ನೇರ ವೀರಮ್ಮನ ಮನೆಗೂ ಭದ್ರಮ್ಮನ ಮನೆಗೂ ಹೋದ. ಸಂಜೆ ಇಬ್ಬರೂ ಬಂದರು. ಸಿಟ್ಟಾಗಿದ್ದರು. ಭದ್ರಮ್ಮ ಕೆಲಸ ಹೋದ ಮೇಲೆ ಎರಡು ಮನೆಯ ಮುಸುರೆ ತಿಕ್ಕುತ್ತಿದ್ದಳು. ವೀರಮ್ಮನಿಗೆ ಅದೂ ಸಿಕ್ಕಿರಲಿಲ್ಲ. ಒಂದು ಮಾತು ಸುಳ್ಳು ಹೇಳಲು ನಿನ್ನ ಗಂಟೇನು ಹೋಗುತ್ತದೆ ಎಂದು ಭದ್ರಮ್ಮ ಕೇಳಿದಳು. ನೀನು ಜೈಲಿಗೆ ಹೋಗ್ತೀಯ, ನಿನ್ನ ಹಿಂದೆ ನಮ್ಮನ್ನೂ ಎಳೀತೀಯ ಎಂದಳು ವೀರಮ್ಮ.

"ಮಾಡ್ನಿಲ್ಲ ಅಂತ ಏಳುದ್ರೆ, ಒಂಬತ್ತು ವರ್ಷ ನಾನು ಎಲ್ಲಿದ್ದೆ ವೀರಮ್ಮ?" ಎಂದಳು ಚೆಲುವಮ್ಮ.

ಇಬ್ಬರೂ ಎದ್ದು ಹೋದರು. ಆಮೇಲೆ ತಿಳಿಯಿತು, ಇಬ್ಬರೂ ಡಾಕ್ಟರನ ಕಡೆ ಸಾಕ್ಷಿ ಹೇಳಲು ಒಪ್ಪಿಕೊಂಡಿದ್ದಾರೆ ಎಂದು.

ವಿಚಾರಣೆ ಸರ್ಕಾರಿ ಆಸ್ಪತ್ರೆಯ ಹಿಂದಿನ ಒಂದು ಹಾಲಿನಲ್ಲಿ ನಡೆಯಿತು. ಮೈಸೂರಿನಿಂದ ಬಂದ ಅಧಿಕಾರಿ ವಯಸ್ಸಾದವನು, ತಾನೂ ಡಾಕ್ಟರು. ಕನ್ನಡಕ ಒರೆಸಿಕೊಳ್ಳುತ್ತ ಎಲ್ಲವನ್ನೂ ತಾನೇ ಕೈಯಿಂದ ಬರೆದುಕೊಳ್ಳುತ್ತಿದ್ದ. ಮೊದಲು ಗೋವಿಂದಯ್ಯ ಹೇಳಿದ. ಸಿದ್ದಲಿಂಗಮ್ಮ ತನಗೆ ನೆನಪಿಲ್ಲ ಎಂದಳು. ಆಮೇಲೆ ಚೆಲುವಮ್ಮ.

ನೀನು ಕ್ಯಾಮೆರಾ ಹಿಡಿದಿದ್ದಕ್ಕೆ ಏನು ಆಧಾರ ಎಂದು ಅಧಿಕಾರಿ ಕೇಳಿದ. ಆಧಾರ ಅವಳ ಹತ್ತಿರ ಇರಲಿಲ್ಲ. ಅವಳು ಆಪರೇಷನ್ನನ್ನೇ ಹೇಳಲು ಶುರುಮಾಡಿದಳು. ಹೊಕ್ಕುಳ ಬಳಿ ಮೊದಲ ತೂತು. ಗಾಳಿ ತುಂಬಿ ಕ್ಯಾಮೆರಾ ಬಿಟ್ಟರೆ ಮೊದಲು ಕಾಣುವುದು ಕೊಬ್ಬಿನ ಪರದೆ. ಈಲಿಯ ಅಂಚು ಎತ್ತಿದರೆ ಚೀಲ. ಚೀಲದ ಕುತ್ತಿಗೆಯಲ್ಲಿ ಎರಡು ಎಳೆ. ಒಂದು ಪಿತ್ತದ್ದು, ಒಂದು ರಕ್ತದ್ದು. ಎರಡನ್ನೂ ಬಿಡಿಸಿ ಹಿಂದಿನಿಂದ ಈಲಿ ಕಾಣುವ ತನಕ ಕತ್ತರಿ ಹಾಕಬಾರದು. ಆಗ ಕ್ಯಾಮೆರಾ ಎಡಕ್ಕೂ ಬಲಕ್ಕೂ ತಿರುಗಿಸಿ ಎರಡು ಪಕ್ಕೆಯಿಂದಲೂ ತೋರಿಸಬೇಕು. ರುಕ್ಮಿಣಮ್ಮನಿಗೆ ಹಾಗೆ ತೋರಿಸಲು ಒಳಗೆ ಯಾರೂ ಇರಲಿಲ್ಲ. ತನ್ನ ಹಳ್ಳಿಯ ಮಾತಿನಲ್ಲೇ ಹೇಳಿದಳು. ಕೈ ಗಾಳಿಯಲ್ಲಿ ಎತ್ತಿ, ಹೇಗೆ ಹಿಡಿಯುವುದೆಂದು ತೋರಿಸಿದಳು.

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಅವಳ ಕೈಯನ್ನೇ ನೋಡುತ್ತಿದ್ದ. ಇದನ್ನೆಲ್ಲ ಹೇಳಿದರೆ ನಿನ್ನ ಮೇಲೂ ಕೇಸಾಗುತ್ತದಮ್ಮ, ಗೊತ್ತೇ ಎಂದ. ಗೊತ್ತು ಎಂದಳು.

ಕೊನೆಗೆ ಗಂಗಾಧರಪ್ಪ. ಶುದ್ಧ ಬಿಳಿ ಅಂಗಿ ತೊಟ್ಟು ಬಂದಿದ್ದ. ನಿರಾಳವಾಗಿ ಹೇಳಿದ. ಈಕೆ ಮಾತ್ರವಲ್ಲ, ಈ ಹೆಂಗಸರು ಯಾರೂ ನನ್ನ ಥಿಯೇಟರಿನ ಹೊಸ್ತಿಲು ದಾಟಿದವರಲ್ಲ. ಕಸಮುಸುರೆಯವರು. ಇವರನ್ನು ರೋಗಿಯ ಹತ್ತಿರಕ್ಕೂ ಬಿಟ್ಟಿಲ್ಲ. ಒಳಗೆ ಏನಿದೆ ಎಂದೇ ಇವರಿಗೆ ಗೊತ್ತಿಲ್ಲ. ಬೇಕಾದರೆ ಕೇಳಿ, ಇಬ್ಬರನ್ನು ಕರೆತಂದಿದ್ದೇನೆ.

ವೀರಮ್ಮನನ್ನು ಮುಂದೆ ಕರೆದರು. ಧರ್ಮೇಂದ್ರ ಹೇಳಿಕೊಟ್ಟದ್ದು ಒಂದೇ ಸಾಲು. ಚೆಲುವಮ್ಮ ಕ್ಯಾಮೆರಾ ಹಿಡಿದದ್ದನ್ನು ನಾನು ನೋಡಿಲ್ಲ. ಅಧಿಕಾರಿ ಅದನ್ನೇ ಕೇಳಿದ. ನೋಡಿದ್ದೀಯಾ?

ವೀರಮ್ಮ ಸೆರಗನ್ನು ಸುರುಳಿ ಸುತ್ತಿದಳು. ಬಿಚ್ಚಿದಳು. ಗಂಗಾಧರಪ್ಪನನ್ನು ನೋಡಿದಳು.

"ಹೊಸ್ತ್ಲು ದಾಟಿಲ್ವಾ ನಾವು?" ಎಂದಳು.

ಅಧಿಕಾರಿ ಮತ್ತೆ ಕೇಳಿದ.

"ನೋಡಿವ್ನಿ" ಎಂದಳು ವೀರಮ್ಮ. "ದಿನಾ ನೋಡಿವ್ನಿ. ಅವ್ಳು ಕ್ಯಾಮೆರಾ ಇಡ್ಕೊಂಡಿರೋಳು, ತಲೆ ಕಡೆ ನಾನು ಕೂತಿರ್ತಿದ್ದೆ. ಮತ್ತು ಕೊಡೋ ಡಾಕ್ಟ್ರು ಎದ್ದೋದ್ರೆ ಉಸ್ರಿನ ಚೀಲ ಒತ್ತೋಳು ನಾನು. ಕೈ ಬುಟ್ರೆ ಸತ್ತೋಗ್ತಾರೆ ಅಂತ ಏಳಿದ್ರು. ಒಂದಿನಾನೂ ಬುಟ್ಟಿಲ್ಲ. ಅದ್ನೂ ಬರ್ಕೊಳ್ಳಿ."

ಧರ್ಮೇಂದ್ರ ಏನೋ ಹೇಳಲು ಎದ್ದ. ಅಧಿಕಾರಿ ಕೂರಿಸಿದ. ಹಿಂದಿನ ಬೆಂಚಿನಿಂದ ಭದ್ರಮ್ಮ ಯಾರೂ ಕರೆಯದೆ ಎದ್ದು ಬಂದು ಮೇಜಿನ ಮುಂದೆ ನಿಂತಳು. ತೂತುಗಳಿಗೆ ಹೊಲಿಗೆ ಹಾಕುತ್ತಿದ್ದವಳು ತಾನು ಎಂದಳು. ಗೋವಿಂದಯ್ಯನ ಕಡೆ ಬೆರಳು ತೋರಿಸಿ, ಇವರದೂ ನನ್ನದೇ ಹೊಲಿಗೆ, ಅಂಗಿ ಎತ್ತಿ ನೋಡಿ ಎಂದಳು. ಗೋವಿಂದಯ್ಯ ಅಂಗಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ.

ಅಧಿಕಾರಿ ಇನ್ನೊಂದು ಹಾಳೆ ತೆಗೆದ.

ಥಿಯೇಟರಿಗೆ ಬೀಗ ಬಿತ್ತು. ಆರು ತಿಂಗಳ ಮೇಲೆ ಗಂಗಾಧರಪ್ಪ ಯಂತ್ರವನ್ನು ವ್ಯಾನಿಗೆ ಹಾಕಿಸಿಕೊಂಡು ಇನ್ನೊಂದು ಊರಿಗೆ ಹೋದ. ಅಲ್ಲಿ ಇನ್ನೊಬ್ಬನ ಜೊತೆ ಸೇರಿ ಆಸ್ಪತ್ರೆ ಮಾಡಿದನಂತೆ. ಅವನಿಗೆ ದೊಡ್ಡ ವಕೀಲರಿದ್ದರು. ಚಪ್ಪಲಿಯಲ್ಲಿ ಹೊಡೆದದ್ದನ್ನು ಚೆಲುವಮ್ಮ ಅಧಿಕಾರಿಯ ಮುಂದೆ ಬರೆಸಿದ್ದಳು. ಅದು ಗೋವಿಂದಯ್ಯನ ಮೇಲೆ ಬೇರೆ ಕೇಸಾಗಿ ನಡೆಯಿತು. ಓದಿಲ್ಲದೆ ಡಾಕ್ಟರ ಕೆಲಸ ಮಾಡಿದರೆಂದು ಮೂವರು ಹೆಂಗಸರ ಮೇಲೂ ಕೇಸಾಯಿತು. ಊರಿನ ಯಾವ ಆಸ್ಪತ್ರೆಯೂ ಅವರನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಮೂವರೂ ಹೊಗೆಸೊಪ್ಪು ವಿಂಗಡಿಸುವ ಶೆಡ್ಡಿಗೆ ಹೋಗತೊಡಗಿದರು. ವಾಯಿದೆಯ ದಿನ ಶೆಡ್ಡಿಗೆ ರಜೆ ಹೇಳಿ, ಮೂವರೂ ಒಟ್ಟಿಗೆ ಕೋರ್ಟಿಗೆ ನಡೆದುಕೊಂಡು ಹೋಗುತ್ತಿದ್ದರು. ಮೈಗೆಲ್ಲ ಸೊಪ್ಪಿನ ವಾಸನೆ. ಬೆಂಚಿನ ಮೇಲಿದ್ದವರು ಜರುಗಿ ಕೂರುತ್ತಿದ್ದರು. ಇವರು ಆ ಜಾಗದಲ್ಲಿ ಆರಾಮಾಗಿ ಕೂರುತ್ತಿದ್ದರು.

ನಾಲ್ಕನೆಯ ವಾಯಿದೆಗೆ ಹೆಸರು ಕೂಗಿದರು. ಮೂವರೂ ಕಟಕಟೆಯಲ್ಲಿ ನಿಂತರು. ನ್ಯಾಯಾಧೀಶರು ಆರೋಪ ಓದಿಸಿ, ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದರು. ಇಲ್ಲ ಎಂದು ಒಂದು ಮಾತು ಹೇಳಿ ಇಳಿಯಿರಿ ಎಂದು ಸರ್ಕಾರ ಕೊಟ್ಟ ವಕೀಲ ಮೊದಲೇ ಹೇಳಿದ್ದ. ಚೆಲುವಮ್ಮ ಕಟಕಟೆಯ ಕಂಬಿ ಹಿಡಿದಳು.

"ಕ್ಯಾಮೆರಾ ಇಡ್ದಿದ್ದು ದಿಟ ಸ್ವಾಮಿ. ಅದ್ನ ಇಲ್ಲ ಅನ್ನಲ್ಲ" ಎಂದಳು. "ತಪ್ಪು ಅಂತ ಮಾತ್ರ ಒಪ್ಪಲ್ಲ."